ಪ್ಯಾನಿಕ್‌ಗೆ ಮಾತ್ರೆ, ಜೊತೆಗೆ ಸಿಬಿಟಿ: ತುಂಬ ಸಮಯ ಬಳಸಿದ ಮೇಲೆ ನನ್ನ ಅನಿಸಿಕೆ

ನನಗಿರುವುದು ಪ್ಯಾನಿಕ್ ಡಿಸಾರ್ಡರ್, ಅಂದರೆ ದಿಢೀರನೆ ವಿಪರೀತ ಭಯ, ಎದೆಬಡಿತ ಮತ್ತೆ ಮತ್ತೆ ಬರುವ ಕಾಯಿಲೆ. ಅದರ ಅನುಭವ ಹೇಗಿರುತ್ತದೆ ಅನ್ನುವ ಭಾಗ ಬಿಟ್ಟುಬಿಡುತ್ತೇನೆ. ಸರ್ಟ್ರಾಲಿನ್ ಮಾತ್ರೆ (ಖಿನ್ನತೆ, ಆತಂಕಕ್ಕೆ ಕೊಡುವ ಔಷಧಿ) ಮತ್ತು ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಮನೋಚಿಕಿತ್ಸೆ) ಎರಡನ್ನೂ ತೆಗೆದುಕೊಂಡೆ. ಬರೆಯಲೇಬೇಕು ಅನ್ನಿಸಿದ್ದು ಸಿಬಿಟಿಯೊಳಗಿನ ಒಂದು ಅಭ್ಯಾಸದ ಬಗ್ಗೆ.

ಹೆದರಿಸುವ ಲಕ್ಷಣಗಳನ್ನು ನಾವೇ ಬೇಕಂತಲೇ ಬರಿಸಿಕೊಳ್ಳುವ ಅಭ್ಯಾಸ ಅದು, ಎಕ್ಸ್‌ಪೋಶರ್ ಅನ್ನುತ್ತಾರೆ. ತಿರುಗುವ ಕುರ್ಚಿಯಲ್ಲಿ ಕೂತು 1 ನಿಮಿಷ ಗಿರಗಿರ ಸುತ್ತಬೇಕು. ಎದೆ ಡವಡವ ಅನ್ನುವ ತನಕ ನಿಂತಲ್ಲೇ ಓಡಬೇಕು. ಮೂಗು ಮುಚ್ಚಿಕೊಂಡು ಸಣ್ಣ ಸ್ಟ್ರಾದಲ್ಲಿ ಉಸಿರಾಡಬೇಕು. ಹೃದಯದ ತೊಂದರೆ, ಆಸ್ತಮಾ, ಫಿಟ್ಸ್ ಇರುವವರು ಮತ್ತು ಗರ್ಭಿಣಿಯರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು.

ಇದರ ಹಿಂದಿರುವ ವಿಚಾರ ಸರಳ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಬರೆದದ್ದು ಇದನ್ನೇ: ಎದೆಬಡಿತ ಜಾಸ್ತಿಯಾದ ಕೂಡಲೇ ‘ಹಾರ್ಟ್ ಅಟ್ಯಾಕ್ ಆಗ್ತಿದೆ’ ಅಂತ ಮನಸ್ಸು ಅರ್ಥ ಮಾಡಿಕೊಳ್ಳುತ್ತದೆ, ಆ ಭಯಕ್ಕೆ ಎದೆ ಇನ್ನೂ ಜೋರಾಗಿ ಬಡಿದುಕೊಳ್ಳುತ್ತದೆ. ಬಡಿತ ಬಂದು, ಏನೂ ಆಗದೆ ಹೋಗುವುದನ್ನು ಮತ್ತೆ ಮತ್ತೆ ನೋಡಿದರೆ ಮನಸ್ಸು ಆ ಅರ್ಥವನ್ನು ಬಿಡುತ್ತ ಬರುತ್ತದೆ.

ನಾನು ಇದನ್ನು ಸಂಜೆ ಮಾಡುತ್ತಿದ್ದೆ. ಮೊಬೈಲನ್ನು ಬೇರೆ ರೂಮಿನಲ್ಲಿ ಇಡುವುದು. ನೋಟ್‌ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆಯುವುದು. ಒಂದು ಕಡೆ ‘ಏನಾಗುತ್ತೆ ಅಂತ ಹೆದರಿಕೆ’, ಪಕ್ಕದಲ್ಲಿ ‘ನಿಜಕ್ಕೂ ಏನಾಯ್ತು’. ಮುಂಚೆ ಎಷ್ಟು ಭಯ, ಆಮೇಲೆ ಎಷ್ಟು ಅಂತ 0ಯಿಂದ 100ರೊಳಗೆ ಅಂಕಿ. ಸುತ್ತಿ ನಿಂತ ಮೇಲೆ ಗೋಡೆ ಹಿಡಿಯುವಂತಿಲ್ಲ, ನೀರು ಕುಡಿಯುವಂತಿಲ್ಲ, ನಾಡಿ ನೋಡಿಕೊಳ್ಳುವಂತಿಲ್ಲ. ಸುಮ್ನೆ ಇರಬೇಕು. ನನಗೆ ಆ ಸುಮ್ಮನಿರುವುದೇ ಅತಿ ಕಷ್ಟವಾಗಿತ್ತು. ಹೀಗೇ ಮಾಡುತ್ತ ಒಂದು ಸಂಜೆ ಕುರ್ಚಿಯಲ್ಲಿ ಸುತ್ತುವಾಗ ಭಯವೇ ಬರಲಿಲ್ಲ, ಬೋರ್ ಆಯಿತು! ಆ ಬೋರ್ ಕೊಟ್ಟಷ್ಟು ಸಂತೋಷವನ್ನು ನನಗೆ ಬೇರೆ ಯಾವ ಚಿಕಿತ್ಸೆಯೂ ಕೊಟ್ಟಿಲ್ಲ.

ಮಾತ್ರೆಯೂ ಕೆಲಸ ಮಾಡಿತು. ದಿನವಿಡೀ ಇರುತ್ತಿದ್ದ ಕಳವಳ ಇಳಿದದ್ದು ಅದರಿಂದಲೇ ಅಂತ ನನ್ನ ನಂಬಿಕೆ. ಆದರೆ ಅದನ್ನು ಕೊಟ್ಟ ರೀತಿಯ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಸರ್ಟ್ರಾಲಿನ್‌ನಂಥ ಮಾತ್ರೆಗಳ ಪರಿಣಾಮ ಕಾಣಲು ಕೆಲವು ವಾರ ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದು, ನಿದ್ದೆ ಕೆಡುವುದು, ಚಡಪಡಿಕೆ ಜಾಸ್ತಿಯಾಗುವುದು ಉಂಟು. ಅದಕ್ಕೇ ಪ್ಯಾನಿಕ್ ಇರುವವರಿಗೆ ಸಾಮಾನ್ಯವಾಗಿ 25 ಮಿಲಿಗ್ರಾಂನಷ್ಟು ಕಡಿಮೆ ಡೋಸಿನಿಂದ ಶುರು ಮಾಡುತ್ತಾರೆ. ಇದ್ಯಾವುದನ್ನೂ ಮಾತ್ರೆ ಬರೆದುಕೊಟ್ಟ ಡಾಕ್ಟರ್ ನನಗೆ ಹೇಳಲಿಲ್ಲ. ದಿನಕ್ಕೊಂದು ತಗೊಳ್ಳಿ ಅಂದರು, ಅಷ್ಟೆ. ಮೈಯಲ್ಲಿ ಏನು ಬದಲಾದರೂ ಹೆದರುವುದೇ ನಮ್ಮ ಕಾಯಿಲೆ. ಎಲ್ಲರಿಗಿಂತ ಮೊದಲು ಎಚ್ಚರಿಕೆ ಹೇಳಬೇಕಾದದ್ದು ನಮಗೇ ಅಲ್ವಾ?

ತುರ್ತಿಗೆ ಅಂತ ಕ್ಲೋನಾಜೆಪಾಮ್ ಅನ್ನುವ, ಆತಂಕ ಶಮನ ಮಾಡುವ ಮಾತ್ರೆ ಕೂಡ ಕೊಟ್ಟಿದ್ದರು. ಬೇಗ ಕೆಲಸ ಮಾಡುತ್ತದೆ ನಿಜ. ತುಂಬ ದಿನ ತೆಗೆದುಕೊಂಡರೆ ಮೈ ಅದಕ್ಕೆ ಒಗ್ಗಿಹೋಗಿ ಬಿಡುವುದು ಕಷ್ಟವಾಗುತ್ತದೆ. ಕುರ್ಚಿಯಲ್ಲಿ ಸುತ್ತುವಂಥ ಎಕ್ಸ್‌ಪೋಶರ್ ಅಭ್ಯಾಸ ಮಾಡುವ ಮುಂಚೆ ಅದನ್ನು ತೆಗೆದುಕೊಂಡರೆ ‘ಮಾತ್ರೆ ಇತ್ತು, ಬದುಕಿದೆ’ ಅಂತ ಮನಸ್ಸು ಕಲಿಯುತ್ತದೆ ಅಂದರು ನನ್ನ ಥೆರಪಿಸ್ಟ್. ಅದು ಸರಿ ಅನ್ನಿಸಿತು.

ಸೆಷನ್ ಖರ್ಚು ನನ್ನ ಕೈಗೆ ಭಾರ. ಅದಕ್ಕೆ ಶುರುವಿನಲ್ಲಿ ವಾರಕ್ಕೊಂದು, ಆಮೇಲೆ ಎರಡು ವಾರಕ್ಕೊಂದು ಮಾಡಿಕೊಂಡೆ. ನೋಟ್‌ಬುಕ್ ಇದ್ದದ್ದರಿಂದ ನಡೆಯಿತು. ದುಡ್ಡು ಹಾಕುವ ಮುಂಚೆ ಫೋನಿನಲ್ಲೇ ಕೇಳಿಬಿಡಿ: ‘ಎಕ್ಸ್‌ಪೋಶರ್ ಮಾಡಿಸ್ತೀರಾ?’ ಬರೀ ಮಾತು, ಬರೀ ರಿಲ್ಯಾಕ್ಸೇಶನ್ ಅಂದರೆ ನಾನಾದರೆ ಬೇರೆಯವರನ್ನು ಹುಡುಕುತ್ತೇನೆ.

ಈಗ ಬೇರೆ ಡಾಕ್ಟರ ಹತ್ತಿರ ಸರ್ಟ್ರಾಲಿನ್ ನಿಧಾನವಾಗಿ ಇಳಿಸುತ್ತಿದ್ದೇನೆ. ದಿಢೀರ್ ಬಿಟ್ಟರೆ ತಲೆಸುತ್ತು, ಶಾಕ್ ಹೊಡೆದಂಥ ಝುಮ್ಮು ಬರಬಹುದು. ಇಳಿಸುವಾಗಲೂ ಸ್ವಲ್ಪ ಬರಬಹುದು ಅಂತ ಇವರು ಮೊದಲೇ ಹೇಳಿದ್ದಾರೆ. ಯಾವಾಗ ಫೋನ್ ಮಾಡಬೇಕು ಅನ್ನುವುದನ್ನೂ ಚೀಟಿಯ ಹಿಂದೆ ಬರೆದುಕೊಟ್ಟಿದ್ದಾರೆ.