ಬೇವಿನ ಎಣ್ಣೆ, ಮೂರು ವರ್ಷ, ಹನ್ನೊಂದು ಆರ್ಕಿಡ್

ನಾಲ್ಕನೇ ಬಾಟ್ಲಿ ಈಗ ಅರ್ಧಕ್ಕೆ ಬಂದಿದೆ. ತಂದ ವಾರವೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಎರಡು ತಿಂಗಳು ಬಿಟ್ಟು ಬರೆದಿದ್ದರೆ ಒಂದು ಕೊಟ್ಟು, ಜೊತೆಗೆ ನಾಲ್ಕು ಮಾತು ಬೈದಿರುತ್ತಿದ್ದೆ. ಮೂರು ವರ್ಷ ಬಳಸಿದ ಮೇಲೆ ನನ್ನ ಲೆಕ್ಕ ಮೂರೂವರೆ.

ಇದು ಬಿಸಿ ಮಾಡದೆ ಹಿಂಡಿದ ಬೇವಿನ ಎಣ್ಣೆ. ಬೇರೇನೂ ಬೆರೆಸಿಲ್ಲ. ಸೋಪು ನಾವೇ ಹಾಕಿಕೊಳ್ಳಬೇಕು. ನಾನು ತಂದಿದ್ದು ಒಂದೇ ಕಾರಣಕ್ಕೆ: ಮನೆಯೊಳಗಿನ ಆರ್ಕಿಡ್‌ಗಳಿಗೆ ಸ್ಕೇಲ್ ಹತ್ತಿತ್ತು. ಪುಸ್ತಕದ ಕನ್ನಡದಲ್ಲಿ ಶಲ್ಕ ಕೀಟ.

ಮೊದಲು ಸಿಕ್ಕಿಬಿದ್ದದ್ದು ಫೆಲನಾಪ್ಸಿಸ್ ಅನ್ನುವ ಜಾತಿಯ ಆರ್ಕಿಡ್. ಧೂಳು ಒರೆಸೋಣ ಅಂತ ಹೋದರೆ ಬಟ್ಟೆ ಎಲೆಗೇ ಅಂಟಿತು. ಆರ್ಕಿಡ್‌ನ ಹೂದಂಟಿನಲ್ಲಿ ಸುಮ್ನೆ ಒಂದೆರಡು ಸಿಹಿ ಹನಿ ಬರುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಆದರೆ ಇಲ್ಲಿ ಎಲೆಯ ಮೇಲೆಲ್ಲ ಪಾಕ ಚೆಲ್ಲಿದ ಹಾಗಿತ್ತು, ಒಂದು ಮೂಲೆಯಲ್ಲಿ ಕಾಡಿಗೆಯಂಥ ಬೂಷ್ಟೂ ಹಿಡಿದಿತ್ತು. ಎಲೆ ತಿರುಗಿಸಿ ನೋಡಿದೆ. ನಡುನರದ ಉದ್ದಕ್ಕೂ ಕಂದು ಎಳ್ಳು ಅಂಟಿಸಿದ ಹಾಗೆ ಚಪ್ಪಟೆ ಗುಳ್ಳೆಗಳು. ವಾರಗಟ್ಟಲೆ ಅದನ್ನು ಎಲೆಯ ಕಲೆ ಅಂದುಕೊಂಡು ನೀರು ಹಾಕುತ್ತಿದ್ದೆ ಅಂದರೆ ನನ್ನ ಜಾಣತನ ನೋಡಿ.

ಬಾಟ್ಲಿಯ ಮೇಲೆ ಬರೆದ ಹಾಗೆ ಬೆರೆಸಿ ಸಿಂಪಡಿಸಿದೆ. ಎಲೆ ಫಳಫಳ ಹೊಳೆಯಿತು. ಐದಕ್ಕೆ ಐದು ಅಂದೆನಲ್ಲ, ಅದು ಈ ಹೊಳಪು ನೋಡಿ ಕೊಡುತ್ತಿದ್ದ ಅಂಕ. ಒಂದು ವಾರ ಕಳೆಯಿತು, ಗುಳ್ಳೆ ಇದ್ದಲ್ಲೇ ಇದೆ. ಮತ್ತೆ ಸಿಂಪಡಿಸಿದೆ. ಆಗಲೂ ಅಷ್ಟೇ. ಆಮೇಲೆ ಗುಳ್ಳೆಗಳು ಪಕ್ಕದ ಕುಂಡಕ್ಕೂ ಹೋದವು.

ತಪ್ಪು ಎಣ್ಣೆಯದ್ದಲ್ಲ, ನನ್ನದೂ ಪೂರ್ತಿ ಅಲ್ಲ. "ಎಲ್ಲ ಕೀಟಕ್ಕೂ ಒಂದೇ ಪರಿಹಾರ" ಅಂತ ಬಾಟ್ಲಿ ಮೇಲೆ ದಪ್ಪಕ್ಷರದಲ್ಲಿ ಬರೆದವರದ್ದು. ಬೆಳೆದ ಸ್ಕೇಲ್ ಒಂದೇ ಕಡೆ ಅಂಟಿಕೊಂಡು ರಸ ಹೀರುತ್ತದೆ, ಮೇಲೆ ಚಿಪ್ಪಿನಂಥ ರಕ್ಷಣೆ ಇರುತ್ತದೆ. ಸಿಂಪಡಿಸಿದ್ದು ಅದರ ಒಳಗೆ ಸರಿಯಾಗಿ ಇಳಿಯುವುದಿಲ್ಲ. ಎಣ್ಣೆಗೆ ಸುಲಭವಾಗಿ ಸಿಗುವುದು ಆಗಷ್ಟೇ ಹೊರಬಿದ್ದು, ಜಾಗ ಹುಡುಕಿಕೊಂಡು ಓಡಾಡುವ ಮರಿಗಳು. ಅವುಗಳ ಉಸಿರಾಟದ ರಂಧ್ರ ಮುಚ್ಚಿಹೋಗಿ ಸಾಯುತ್ತವೆ. ಭೂತಗನ್ನಡಿ ಹಿಡಿದರೆ ನಸುಹಳದಿ ಚುಕ್ಕೆಗಳು ನಿಧಾನವಾಗಿ ನಡೆಯುವುದು ಕಾಣುತ್ತದೆ. ಒಂದು ಸಲ ನೋಡಿದ ಮೇಲೆ ಮೈಯೆಲ್ಲ ಕಡಿತ ಬಂದ ಹಾಗಾಗಿತ್ತು.

ಇನ್ನೊಂದು ವಿಷಯ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸತ್ತ ಸ್ಕೇಲ್ ಉದುರುವುದಿಲ್ಲ, ಚಿಪ್ಪು ಅಲ್ಲೇ ಕಚ್ಚಿಕೊಂಡಿರುತ್ತದೆ. ಉಗುರಿನಿಂದ ಕೆರೆದು ನೋಡಬೇಕು. ಒಣ ಹೊಟ್ಟಿನಂತೆ ಎದ್ದು ಬಂದರೆ ಸತ್ತಿದೆ, ಒದ್ದೆಯಾಗಿ ಜಜ್ಜಿಹೋದರೆ ಬದುಕಿದೆ. ನಾನು ಬೈದುಕೊಂಡ ಎರಡು ತಿಂಗಳಲ್ಲಿ ಅರ್ಧದಷ್ಟು ಗುಳ್ಳೆ ಆಗಲೇ ಸತ್ತಿದ್ದವು ಅನ್ನುವುದು ಆಮೇಲೆ ತಿಳಿಯಿತು.

ಅಲ್ಲಿಂದ ದಾರಿ ಬದಲಾಯಿಸಿದೆ. ಮೊದಲ ದಿನ ಎಣ್ಣೆ ಮುಟ್ಟುವುದೇ ಇಲ್ಲ. ಇಯರ್ ಬಡ್ಸ್ ಅನ್ನು 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಒಂದೊಂದೇ ಗುಳ್ಳೆಯನ್ನು ಕಿತ್ತು ತೆಗೆಯುತ್ತೇನೆ. ಬೇಸರದ ಕೆಲಸ, ಆದರೆ ಅರ್ಧಕ್ಕಿಂತ ಜಾಸ್ತಿ ಗೆಲುವು ಇಲ್ಲೇ ಇದೆ. ಮಾರನೇ ದಿನ ಸಂಜೆ ಎಣ್ಣೆ: ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಮೊದಲು ಒಂದಿಷ್ಟು ಸೌಮ್ಯವಾದ ಲಿಕ್ವಿಡ್ ಸೋಪು, ಆಮೇಲೆ 5 ಮಿಲಿ ಎಣ್ಣೆ, ಚೆನ್ನಾಗಿ ಕುಲುಕಾಟ. ಸೋಪಿಲ್ಲದೆ ಎಣ್ಣೆ ಮೇಲೆ ತೇಲುತ್ತದೆ, ಆಗ ಕುಂಡದ ಒಂದು ಕಡೆಗೆ ಬರೀ ನೀರು, ಇನ್ನೊಂದು ಕಡೆಗೆ ಬರೀ ಎಣ್ಣೆ. ಎಲೆಯ ಅಡಿ, ಬುಡ, ಎಲೆಗಳು ಕೂಡುವ ಸಂದು, ಎಲ್ಲ ಒದ್ದೆಯಾಗಬೇಕು. ಫೆಲನಾಪ್ಸಿಸ್ ಆದರೆ ನಡುವಿನ ಸುಳಿಯಲ್ಲಿ ನಿಂತದ್ದನ್ನು ಟಿಶ್ಯೂ ಸುರುಳಿ ಮಾಡಿ ಹೀರಿ ತೆಗೆಯಬೇಕು, ಇಲ್ಲದಿದ್ದರೆ ಸುಳಿ ಕೊಳೆಯುತ್ತದೆ. ಏಳರಿಂದ ಹತ್ತು ದಿನಕ್ಕೊಮ್ಮೆ, ಕಡಿಮೆ ಅಂದರೂ ನಾಲ್ಕು ಸಲ. ತಾಯಿಯ ಚಿಪ್ಪಿನಡಿ ಇದ್ದ ಮೊಟ್ಟೆಗಳು ಬೇರೆ ಬೇರೆ ದಿನ ಒಡೆಯುತ್ತವಲ್ಲ, ಅದಕ್ಕೇ.

ಈ ಕ್ರಮದಲ್ಲಿ ಫೆಲನಾಪ್ಸಿಸ್‌ಗಳು ಸುಧಾರಿಸಿದವು. ಕ್ಯಾಟ್ಲಿಯ ಅನ್ನುವ ಇನ್ನೊಂದು ಆರ್ಕಿಡ್ ಕತೆ ಬೇರೆ. ಅದಕ್ಕೆ ಹತ್ತಿದ್ದು ಆರ್ಕಿಡ್‌ಗೆ ಕುಖ್ಯಾತವಾದ ಬೊಯ್ಸ್‌ಡುವಲ್ ಸ್ಕೇಲ್. ಇದು ಆ ಪಾಕದಂಥ ಸಿಹಿ ಅಂಟು ಬಿಡುವುದಿಲ್ಲ, ಅದನ್ನು ಹುಡುಕಿಕೊಂಡು ಇರುವೆಯೂ ಬರುವುದಿಲ್ಲ, ಹಾಗಾಗಿ ಸುಳಿವೇ ಸಿಗುವುದಿಲ್ಲ. ಎಲೆಯಲ್ಲಿ ಹಳದಿ ಮಚ್ಚೆ ಕಂಡು, ದಪ್ಪ ಕಾಂಡಕ್ಕೆ ಸುತ್ತಿದ್ದ ಕಾಗದದಂಥ ಒಣ ಸಿಪ್ಪೆಯನ್ನು ಎಳೆದೆ. ಒಳಗೆ ಸುಣ್ಣ ಬಳಿದ ಹಾಗೆ ಬಿಳಿ. ಹೆಣ್ಣುಗಳು ಗುಂಡಗೆ, ಚಪ್ಪಟೆಯಾಗಿ, ಪುಟಾಣಿ ಚಿಪ್ಪಿನ ಥರ. ಗಂಡುಗಳು ಹತ್ತಿ ಎಳೆಯಂತೆ ಗುಂಪು ಗುಂಪು. ಆ ಸಿಪ್ಪೆ ಇರುವ ತನಕ ಎಣ್ಣೆ ಎಷ್ಟು ಹೊಡೆದರೂ ವ್ಯರ್ಥ. ಎಲ್ಲ ಒಣ ಸಿಪ್ಪೆ ಸುಲಿದು, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಕುಂಡದಲ್ಲಿ ಮಣ್ಣಿನ ಬದಲು ಹಾಕಿದ್ದ ಹಳೇ ತೊಗಟೆ ಚೂರು ಬಿಸಾಕಿ ಹೊಸದರಲ್ಲಿ ನೆಟ್ಟೆ. ಆರು ತಿಂಗಳಾದ ಮೇಲೆ ಬುಡದಲ್ಲಿ ಮತ್ತೆ ಬಿಳಿ ಕಂಡಿತು. ಎರಡು ಸಲ ಹೋರಾಡಿದೆ. ಮೂರನೇ ಸಲ ಗಿಡವನ್ನು ಕವರಿನಲ್ಲಿ ಬಿಗಿದು ಕಸಕ್ಕೆ ಹಾಕಿದೆ. ಹನ್ನೊಂದು ಹೋಗಿ ಹತ್ತಾಯಿತು.

ಎಣ್ಣೆಯ ದೂರುಗಳೂ ಇವೆ. ವಾಸನೆ ಭಯಂಕರ. ಕೆಟ್ಟ ಬೆಳ್ಳುಳ್ಳಿಯನ್ನು ಹಿಂಡಿಯಲ್ಲಿ ಹೂತಿಟ್ಟ ಹಾಗೆ. ಕೋಣೆಯಲ್ಲಿ ಎರಡು ದಿನ ನಿಲ್ಲುತ್ತದೆ. ಚಳಿಯಲ್ಲಿ ತುಪ್ಪದಂತೆ ಗಟ್ಟಿಯಾಗುತ್ತದೆ, ಬಾಟ್ಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟು ಕಾಯಬೇಕು. ಮುಚ್ಚಳದಲ್ಲಿ ಅಳತೆ ಗೆರೆ ಇಲ್ಲ. ಸ್ಪ್ರೇ ಬಾಟ್ಲಿ ತೊಳೆಯದೆ ಬಿಟ್ಟರೆ ಮೂತಿ ಕಟ್ಟಿಕೊಳ್ಳುತ್ತದೆ. ಮೊಗ್ಗಿನ ಮೇಲೆ ಬಿದ್ದರೆ ಆ ಹೂವಿನ ಆಸೆ ಬಿಡಿ.

ಒಮ್ಮೆ ಸಿಟ್ಟಿನಲ್ಲಿ ಅಳತೆ ಎರಡರಷ್ಟು ಮಾಡಿ, ಮಧ್ಯಾಹ್ನ ಕಿಟಕಿಯ ಬಿಸಿಲಿನಲ್ಲೇ ಹೊಡೆದಿದ್ದೆ. ಅಂಗೈಯಗಲದ ಎಲೆಯೊಂದು ಸುಟ್ಟು, ಕಂದಿ, ಕುಳಿ ಬಿತ್ತು. ಆರ್ಕಿಡ್ ಎಲೆ ವರ್ಷಗಟ್ಟಲೆ ಗಿಡದ ಮೇಲಿರುತ್ತದೆ, ಹಾಗಾಗಿ ಆ ಕುಳಿಗಳು ಈಗಲೂ ದಿನಾ ಬೆಳಗ್ಗೆ ನನ್ನನ್ನು ನೋಡುತ್ತಿರುತ್ತವೆ. ಇದರಲ್ಲಿ ಎಣ್ಣೆಯ ತಪ್ಪೇನೂ ಇಲ್ಲ, ಅಂಕ ಕಳೆದಿಲ್ಲ.

ಅಂಕ ಕಳೆದದ್ದು ಎರಡನೇ ಬಾಟ್ಲಿಗೆ. ದೊಡ್ಡದು ಇರಲಿ ಅಂತ ತಂದಿದ್ದೆ. ಪಾರದರ್ಶಕ ಬಾಟ್ಲಿ, ಕಿಟಕಿ ಪಕ್ಕದ ಗೂಡಿನಲ್ಲಿ ಒಂದು ವರ್ಷ ಕೂತಿತ್ತು. ಎಣ್ಣೆಯಲ್ಲಿ ಕೀಟದ ವಿರುದ್ಧ ಕೆಲಸ ಮಾಡುವ ಅಜಾಡಿರಾಕ್ಟಿನ್ ಅನ್ನುವ ಅಂಶ ಬೆಳಕಿಗೆ ಬೇಗ ಹಾಳಾಗುತ್ತದೆ. ಅಂಥದ್ದನ್ನು ಪಾರದರ್ಶಕ ಬಾಟ್ಲಿಯಲ್ಲಿ ತುಂಬಿ ಮಾರುವುದು ಯಾವ ಲೆಕ್ಕ? ನೀರಿಗೆ ಬೆರೆಸಿದ್ದಂತೂ ನಾಳೆಗೆ ಇಡುವಂತಿಲ್ಲ, ಆವತ್ತೇ ಮುಗಿಸಬೇಕು.

ಕಳೆದ ವಾರ ಡೆಂಡ್ರೋಬಿಯಂ ಅನ್ನುವ ಮತ್ತೊಂದು ಆರ್ಕಿಡ್ ಗಿಡದ ಹಳೇ ಕಾಂಡದಲ್ಲಿ ಎರಡು ಗುಳ್ಳೆ ಸಿಕ್ಕವು. ಬಡ್ಸ್ ತಗೊಂಡು ತೆಗೆದೆ, ಗಿಡವನ್ನು ಬೇರೆ ಕೋಣೆಗೆ ಸಾಗಿಸಿದೆ, ಭಾನುವಾರ ಸಂಜೆ ಮೊದಲ ಸುತ್ತು ಎಣ್ಣೆ ಆಯಿತು. ಇನ್ನು ಮೂರು ಸುತ್ತು ಬಾಕಿ. ಈ ಬಾಟ್ಲಿ ಮುಗಿದರೆ ಮತ್ತೆ ಇದನ್ನೇ ತರುತ್ತೇನೆ, ಚಿಕ್ಕದು.