350 ರೂಪಾಯಿಯ ‘ಲೈಫ್‌ಟೈಮ್’ ಗೇಮ್ ಕೊಳ್ಳುವ ಮುಂಚೆ ಇದನ್ನು ಓದಿ

ಹುಬ್ಬಳ್ಳಿ, ಧಾರವಾಡ, ಗದಗ ಕಡೆ ಲ್ಯಾಪ್‌ಟಾಪಿನಲ್ಲಿ ಗೇಮ್ ಆಡುವ ಎಲ್ಲರಿಗೂ ಒಂದು ಮಾತು. ಇನ್‌ಸ್ಟಾಗ್ರಾಮಿನಲ್ಲೋ ಟೆಲಿಗ್ರಾಮಿನಲ್ಲೋ "ಯಾವುದೇ ಸ್ಟೀಮ್ ಗೇಮ್ 350 ರೂಪಾಯಿ, ಎಲ್ಲಾ ಡಿಎಲ್‌ಸಿ ಸೇರಿ, ಲೈಫ್‌ಟೈಮ್" ಅಂತ ಜಾಹೀರಾತು ಬಂದರೆ ದುಡ್ಡು ಕಳಿಸಬೇಡಿ. (ಸ್ಟೀಮ್ ಅಂದರೆ ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ. ಡಿಎಲ್‌ಸಿ ಅಂದರೆ ಮೂಲ ಗೇಮಿಗೆ ಬೇರೆ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಹೆಚ್ಚುವರಿ ಭಾಗ.) ಅದರಲ್ಲೂ ಮಾರುವವನು "ಪವರ್‌ಶೆಲ್ ತೆರೆದು ಈ ಒಂದು ಸಾಲು ಪೇಸ್ಟ್ ಮಾಡಿ" ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ, ಅವನನ್ನು ಬ್ಲಾಕ್ ಮಾಡಿ. ಪವರ್‌ಶೆಲ್ ಅಂದರೆ ವಿಂಡೋಸಿಗೆ ನೇರವಾಗಿ ಆಜ್ಞೆ ಬರೆದು ಕೊಡುವ ಜಾಗ. ನಮ್ಮ ಮನೆಯ ಹುಡುಗನಿಗೆ ಏನಾಯಿತು ಅಂತ ಪೂರ್ತಿ ಬರೆಯುತ್ತೇನೆ. ಮಾರಿದವನ ಹೆಸರು ಹಾಕುವುದಿಲ್ಲ. ಇವರು ಪೇಜಿನ ಹೆಸರು ಬದಲಿಸುತ್ತಲೇ ಇರುತ್ತಾರೆ. ಇವರು ಮಾಡುವ ರೀತಿ ನಿಮಗೆ ಗೊತ್ತಿದ್ದರೆ ಸಾಕು.

ಹುಡುಗ ನನ್ನ ಚಿಕ್ಕಪ್ಪನ ಮಗ. ಊರು ಗದಗ, ಓದು ಹುಬ್ಬಳ್ಳಿಯಲ್ಲಿ, ಇರುವುದು ವಿದ್ಯಾನಗರದ ಒಂದು ಪಿಜಿಯಲ್ಲಿ. ಸ್ಟ್ರಾಟಜಿ ಗೇಮಿನ ಹುಚ್ಚು ಹತ್ತಿದ್ದು ಏಜ್ ಆಫ್ ಎಂಪೈರ್ಸ್ 2ರಿಂದ. ಆಮೇಲೆ ಅವನ ಕಣ್ಣು ಬಿದ್ದದ್ದು ಕ್ರುಸೇಡರ್ ಕಿಂಗ್ಸ್ 3 ಮೇಲೆ. 2020ರಲ್ಲಿ ಬಂದ ಗೇಮ್ ಇದು. ಇದರಲ್ಲಿ ಒಬ್ಬ ರಾಜನಾಗಿ ಶುರು ಮಾಡುತ್ತೀರಿ. ಅವನು ಸತ್ತರೆ ಮಗನೋ ಮಗಳೋ ಆಗಿ ಮುಂದುವರಿಯುತ್ತೀರಿ. ಮದುವೆ, ಮಕ್ಕಳು, ದಾಯಾದಿ ಜಗಳ, ಸಾಮಂತರ ಸಿಟ್ಟು, ಎಲ್ಲವೂ ನಿಮ್ಮ ತಲೆಯ ಮೇಲೆ. ನಮ್ಮ ಕಡೆಯವರಿಗೆ ಇದು ಇನ್ನೂ ಹತ್ತಿರದ್ದು. 867ರ ಆರಂಭ ಆರಿಸಿಕೊಂಡರೆ ರಾಷ್ಟ್ರಕೂಟರು ಸಿಗುತ್ತಾರೆ. 1066 ಆರಿಸಿಕೊಂಡರೆ ಕಲ್ಯಾಣದ ಚಾಲುಕ್ಯರು. ಲಕ್ಕುಂಡಿಯ ಗುಡಿಗಳನ್ನು ನೋಡುತ್ತ ಬೆಳೆದ ಗದಗಿನ ಹುಡುಗ ಯಾರನ್ನು ಆರಿಸಿಕೊಂಡಿರುತ್ತಾನೆ ಅಂತ ಹೇಳಬೇಕಿಲ್ಲ ಅಲ್ವಾ?

ಈ ಗೇಮಿಗೆ ಡಿಎಲ್‌ಸಿಗಳು ಬಹಳ. ಎಲ್ಲಾ ಸೇರಿಸಿದರೆ ಪಿಜಿ ಬಾಡಿಗೆಯನ್ನೂ ಮೀರಿಸುವ ಬೆಲೆ. ಇದರ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ. ಹೊಸಬರಿಗೆ ಮೂಲ ಗೇಮ್ ಒಂದೇ ತಿಂಗಳುಗಟ್ಟಲೆ ಸಾಕು. ಆದರೆ ಅಂಗಡಿಯ ಪುಟದಲ್ಲಿ ಅಷ್ಟುದ್ದ ಪಟ್ಟಿ ನೋಡಿದಾಗ, ಅವೆಲ್ಲ ಇಲ್ಲದೆ ಆಟವೇ ಅರ್ಧ ಅನ್ನಿಸುತ್ತದೆ. ಈ ಅನ್ನಿಸಿಕೆಯ ಮೇಲೆಯೇ ಅಗ್ಗದ ಮಾರಾಟಗಾರರ ವ್ಯಾಪಾರ ನಿಂತಿದೆ.

ಅಂಥ ಒಬ್ಬನಿಗೆ 350 ರೂಪಾಯಿ ಕೊಟ್ಟ ಹುಡುಗನಿಗೆ ಮೊದಲ ಸಲ ಸಿಕ್ಕಿದ್ದು ಗೇಮ್ ಅಲ್ಲ, ಯಾರದೋ ಸ್ಟೀಮ್ ಅಕೌಂಟಿನ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್. ಲಾಗಿನ್ ಆಗುವಾಗ ಕೇಳುವ ಸ್ಟೀಮ್ ಗಾರ್ಡ್ ಕೋಡನ್ನು ಮಾರಿದವನು ಚಾಟಿನಲ್ಲಿ ಕಳಿಸಿದ. "ಡೌನ್‌ಲೋಡ್ ಆದ ಮೇಲೆ ಆಫ್‌ಲೈನ್ ಮೋಡಿಗೆ ಹೋಗಿ, ಮತ್ತೆ ಆನ್‌ಲೈನ್ ಬರಬೇಡಿ" ಅಂತ ಹೇಳಿದ. ಇದನ್ನು ಅವರು ‘ಆಫ್‌ಲೈನ್ ಆ್ಯಕ್ಟಿವೇಶನ್’ ಅನ್ನುತ್ತಾರೆ. ಒಂದೇ ಖೋಲಿಯನ್ನು ಎಷ್ಟೋ ಜನರಿಗೆ ಬಾಡಿಗೆಗೆ ಕೊಟ್ಟು, ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ ನೋಡಿಕೊಳ್ಳುವ ಕೆಲಸ ಇದು. ಸ್ಟೀಮಿನ ನಿಯಮದಲ್ಲಿ ಅಕೌಂಟ್ ಮಾರುವ ಹಾಗಿಲ್ಲ, ಹಂಚುವ ಹಾಗೂ ಇಲ್ಲ. ಸಿಕ್ಕಿಬಿದ್ದರೆ ಆ ಅಕೌಂಟ್ ಹೋಗುತ್ತದೆ, ಅದರ ಜೊತೆ ನಿಮ್ಮ ಆಟವೂ ಹೋಗುತ್ತದೆ.

ಹುಡುಗ ಕೆಲವು ವಾರ ಚೆನ್ನಾಗಿಯೇ ಆಡಿದ. ಕಲ್ಯಾಣದ ಚಾಲುಕ್ಯ ದೊರೆ ಆಹವಮಲ್ಲ ಸೋಮೇಶ್ವರನಾಗಿ ಶುರು ಮಾಡಿದ್ದ. ಇತಿಹಾಸದಲ್ಲಿ ಈ ರಾಜ 1068ರಲ್ಲಿ ಕುರುವತ್ತಿಯ ಹತ್ತಿರ ತುಂಗಭದ್ರೆಯಲ್ಲಿ ದೇಹ ಬಿಟ್ಟ. ಆಟದಲ್ಲಿ ಮುದುಕನಾಗುವವರೆಗೆ ಬದುಕಿದ. ಮಕ್ಕಳ ನಡುವೆ ರಾಜ್ಯ ಒಡೆಯದಂತೆ ನೋಡಿಕೊಂಡದ್ದು, ಚೋಳರನ್ನು ಎರಡು ತಲೆಮಾರು ತಡೆದದ್ದು, ಮೊಮ್ಮಗಳಿಗೆ ಅತ್ತಿಮಬ್ಬೆ ಅಂತ ಹೆಸರಿಟ್ಟದ್ದು, ಎಲ್ಲವನ್ನೂ ಫೋನಿನಲ್ಲಿ ನನಗೆ ಹೇಳುತ್ತಿದ್ದ. ಕೇಳಿ ನನಗೂ ಖುಷಿಯಾಗುತ್ತಿತ್ತು. ಇಸವಿ, ವಂಶ, ಊರುಗಳನ್ನು ಯಾರೂ ಹೇಳದೆ ತಾನೇ ಹುಡುಕಿ ಓದುತ್ತಿದ್ದ.

ಅಷ್ಟರಲ್ಲಿ ಗೇಮಿಗೆ ಅಪ್‌ಡೇಟ್ ಬಂತು. ಅಪ್‌ಡೇಟ್ ಬೇಕಾದರೆ ಮತ್ತೆ ಲಾಗಿನ್ ಆಗಬೇಕು ಅಂತ ಮಾರಿದವನೇ ಹೇಳಿದ. ಆನ್‌ಲೈನ್ ಬಂದ ಕೂಡಲೇ ಸ್ಟೀಮ್ ಒಂದು ಪ್ರಶ್ನೆ ಕೇಳಿತು: ನಿಮ್ಮ ಕಂಪ್ಯೂಟರಿನ ಸೇವ್ (ಆಡಿದಷ್ಟು ಆಟ ಉಳಿದಿರುವ ಫೈಲ್) ಇಟ್ಟುಕೊಳ್ಳಬೇಕೋ, ಕ್ಲೌಡಿನಲ್ಲಿ, ಅಂದರೆ ಸ್ಟೀಮಿನ ಸರ್ವರಿನಲ್ಲಿ ಇರುವುದನ್ನು ಇಟ್ಟುಕೊಳ್ಳಬೇಕೋ? ಸ್ವಂತ ಅಕೌಂಟ್ ಇದ್ದವರಿಗೆ ಕ್ಲೌಡ್ ಅಂದರೆ ತಮ್ಮದೇ ಆಟ. ಇವನೂ ಹಾಗೇ ತಿಳಿದು ಅದನ್ನೇ ಒತ್ತಿದ. ಆದರೆ ಅಲ್ಲಿದ್ದದ್ದು ಅದೇ ಅಕೌಂಟಿನಲ್ಲಿ ಆಡುತ್ತಿದ್ದ ಇನ್ನೊಬ್ಬನ ಸೇವ್. ತೆರೆದು ನೋಡಿದರೆ ಇಂಗ್ಲೆಂಡಿನ ಯಾವುದೋ ರಾಜ. ಇವನು ಆಡುತ್ತಿದ್ದದ್ದು ಐರನ್‌ಮ್ಯಾನ್ ಮೋಡಿನಲ್ಲಿ, ಅಂದರೆ ಒಂದೇ ಸೇವ್, ಆಟ ತಾನಾಗಿಯೇ ಅದರ ಮೇಲೆ ಬರೆಯುತ್ತ ಹೋಗುತ್ತದೆ. ಬೇರೆ ಪ್ರತಿ ಇರಲಿಲ್ಲ. ಚಾಲುಕ್ಯ ರಾಜ್ಯ ಅಲ್ಲಿಗೆ ಮುಗಿಯಿತು.

ಆ ರಾತ್ರಿ ಅವನ ಫೋನ್ ಬಂತು. "ಅಣ್ಣಾ, ನನ್ನ ಆಟ ಎಲ್ಲಾ ಹೋತು. ಅಂವಗ ಕೇಳಿದ್ರ ‘ನಾವೇನ್ ಮಾಡೂಣ್ರಿ’ ಅಂತಾನ." ಅವನ ದನಿ ಕೇಳಿ ನನಗೆ ನಿಜವಾಗಿ ಹೊಟ್ಟೆ ಉರಿಯಿತು.

ಗೇಮ್ ಆಡದವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಆ್ಯಕ್ಷನ್ ಗೇಮಿನಲ್ಲಿ ಸೇವ್ ಹೋದರೆ ಸಿಟ್ಟು ಬರುತ್ತದೆ, ಆದರೆ ಕಲಿತದ್ದು ಬೆರಳಿನಲ್ಲಿ ಉಳಿದಿರುತ್ತದೆ. ಸೆಕಿರೋ ಅನ್ನುವ ಕತ್ತಿ ಕಾಳಗದ ಗೇಮಿನಲ್ಲಿ ಒಬ್ಬ ಬಾಸ್ (ದೊಡ್ಡ ಎದುರಾಳಿ) ಕತ್ತಿ ಎತ್ತುವ ಕ್ಷಣಕ್ಕೆ ಸರಿಯಾಗಿ ತಡೆಯುವುದು ಒಮ್ಮೆ ಬಂತು ಅಂದರೆ, ಮತ್ತೆ ಮೊದಲಿಂದ ಆಡಿದರೂ ಅರ್ಧ ಹೊತ್ತಿನಲ್ಲಿ ಅಲ್ಲಿಗೆ ಮುಟ್ಟುತ್ತೀರಿ. ಸ್ಟ್ರಾಟಜಿ ಗೇಮ್ ಹಾಗಲ್ಲ. ಅಲ್ಲಿ ನೀವು ತೆಗೆದುಕೊಂಡ ಒಂದೊಂದು ನಿರ್ಧಾರ ಮುಂದಿನದಕ್ಕೆ ದಾರಿ ಮಾಡಿರುತ್ತದೆ. ಅದೇ ರಾಜ, ಅದೇ ಸೊಸೆ, ಅದೇ ದ್ರೋಹ ಮಾಡಿದ ಸಾಮಂತ ಮತ್ತೆ ಬರುವುದಿಲ್ಲ. ಮತ್ತೆ ಶುರು ಮಾಡಿದರೆ ಅದು ಬೇರೆಯೇ ಕಥೆ. ಹಾಗಾಗಿ ಬೇರೆಯವರ ಅಕೌಂಟಿನಲ್ಲಿ ಸ್ಟ್ರಾಟಜಿ ಗೇಮ್ ಆಡುವಷ್ಟು ದೊಡ್ಡ ನಷ್ಟ ಬೇರೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಏಜ್ ಆಫ್ ಎಂಪೈರ್ಸ್‌ನಂಥದ್ದರಲ್ಲಿ ಆನ್‌ಲೈನ್ ರ‍್ಯಾಂಕ್ ಆಡುವುದೇ ನಿಜವಾದ ಮಜಾ. ಆಫ್‌ಲೈನ್ ಅಕೌಂಟಿನಲ್ಲಿ ಅದಂತೂ ಇಲ್ಲವೇ ಇಲ್ಲ.

ಕಥೆ ಇಲ್ಲಿಗೇ ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ಹುಡುಗ ಜಗಳ ಮಾಡಿದ ಮೇಲೆ ಮಾರಿದವನು ಸಮಾಧಾನಕ್ಕೆ ಅಂತ ಇನ್ನೊಂದು ಕೊಟ್ಟ. ಬ್ಲ್ಯಾಕ್ ಮಿಥ್: ವುಕಾಂಗ್. 2024ರ ಆಗಸ್ಟಿನಲ್ಲಿ ಬಂದ ದೊಡ್ಡ ಆ್ಯಕ್ಷನ್ ಗೇಮ್, ಅಸಲಿ ಬೆಲೆ ಮೂರೂವರೆ ಸಾವಿರದ ಆಸುಪಾಸು. "ಈ ಸಲ ನಿನ್ನದೇ ಅಕೌಂಟಿಗೆ ಹಾಕಿಕೊಡ್ತೀನಿ, ಕೀ ಇದೆ" ಅಂದ. ಕೀ ಅಂದರೆ ಗೇಮನ್ನು ಅಕೌಂಟಿಗೆ ಸೇರಿಸುವ ಕೋಡ್. ಕೀ ಹಾಕುವ ಮುಂಚೆ ಪವರ್‌ಶೆಲ್ಲನ್ನು ಅಡ್ಮಿನ್ ಆಗಿ ತೆರೆದು ಒಂದು ಸಾಲು ಪೇಸ್ಟ್ ಮಾಡಬೇಕು ಅಂತ ವಿಡಿಯೋ ಕಳಿಸಿದ. ಸಾಲು ಓಡಿತು, ಸ್ಟೀಮ್ ಮುಚ್ಚಿ ಮತ್ತೆ ತೆರೆಯಿತು, ಕೀ ಹಾಕಿದರೆ ತೆಗೆದುಕೊಂಡಿತು. ಲೈಬ್ರರಿಯಲ್ಲಿ ಗೇಮ್ ಕಂಡಿತು. ಅಸಲಿಯ ಹಾಗೇ ಕಾಣುತ್ತದೆ, ಅದಕ್ಕೇ ಜನ ನಂಬುತ್ತಾರೆ.

ಒಳಗೆ ನಡೆಯುವುದು ಏನು ಅಂದರೆ, ಆ ಸಾಲು ಇಂಟರ್ನೆಟ್ಟಿನಿಂದ ಒಂದು ಸ್ಕ್ರಿಪ್ಟ್ (ಆಜ್ಞೆಗಳ ಪಟ್ಟಿ) ತಂದು ನಿಮ್ಮ ಕಂಪ್ಯೂಟರಿನಲ್ಲಿ ಪೂರ್ತಿ ಅಧಿಕಾರದೊಂದಿಗೆ ಓಡಿಸುತ್ತದೆ. ಸ್ಕ್ರಿಪ್ಟ್ ವಿಂಡೋಸ್‌ನ ವೈರಸ್ ಕಾವಲಿಗೆ "ಈ ಫೋಲ್ಡರ್ ನೋಡಬೇಡ" ಅಂತ ಹೇಳಿ, ಸ್ಟೀಮಿನ ಫೋಲ್ಡರಿನೊಳಗೆ ಒಂದು ಡಿಎಲ್‌ಎಲ್ ಫೈಲ್ (ಸ್ಟೀಮಿನ ಜೊತೆ ತಾನೂ ಓಡುವ ಪ್ರೋಗ್ರಾಮಿನ ತುಣುಕು) ಇಡುತ್ತದೆ. ನಿಮ್ಮ ಕಂಪ್ಯೂಟರಿನ ಸ್ಟೀಮ್ ಮಾತ್ರ ನಿಮ್ಮ ಹತ್ತಿರ ಗೇಮ್ ಇದೆ ಅಂತ ತೋರಿಸುತ್ತದೆ. ಅಸಲಿಗೆ ಅಕೌಂಟಿನಲ್ಲಿ ಏನೂ ಇರುವುದಿಲ್ಲ. ಹುಡುಗ ಪಿಜಿಯ ವೈಫೈಯಲ್ಲಿ ರಾತ್ರಿಯೆಲ್ಲ ಕೂತು 130 ಜಿಬಿ ಇಳಿಸಿಕೊಂಡ. ಗೇಮ್ ತೆರೆಯಲೇ ಇಲ್ಲ. ಆ ಗೇಮಿಗೆ ಡೆನುವೊ ಅನ್ನುವ ರಕ್ಷಣೆ ಇದೆ, ಅದು ಅಸಲಿ ಲೈಸನ್ಸ್ ಇದೆಯೋ ಇಲ್ಲವೋ ಸರ್ವರಿನಲ್ಲಿ ಕೇಳಿ ನೋಡುತ್ತದೆ. ಮಾರಿದವನು ಅಷ್ಟರಲ್ಲಿ ಇವನನ್ನೇ ಬ್ಲಾಕ್ ಮಾಡಿದ್ದ.

ಕೆಲವು ದಿನಗಳ ನಂತರ ಹಾವೇರಿಯಲ್ಲಿರುವ ನಮ್ಮ ಅತ್ತೆಯ ಮಗಳು ಹುಡುಗನಿಗೆ ಫೋನ್ ಮಾಡಿದಳು. "ರೊಕ್ಕ ಮುಟ್ಟಿತೇನೋ?" ಅಂದಳು. ಅವನ ಇನ್‌ಸ್ಟಾಗ್ರಾಮಿನಿಂದ ಅವಳಿಗೆ "ಅರ್ಜೆಂಟ್, ನಾಳೆ ಕೊಡ್ತೀನಿ" ಅನ್ನುವ ಅರ್ಥದ ಇಂಗ್ಲಿಷ್ ಮೆಸೇಜ್ ಹೋಗಿತ್ತು, ಜೊತೆಗೆ ಒಂದು ಯುಪಿಐ ಐಡಿ. ಅಕ್ಕ ನಾಲ್ಕು ಸಾವಿರ ಹಾಕಿದ್ದಳು. ಈ ಹುಡುಗ ಅವಳಿಗೆ ಎಂದೂ ಇಂಗ್ಲಿಷಿನಲ್ಲಿ ಬರೆದವನೇ ಅಲ್ಲ. ಗಾಬರಿಯ ಮೆಸೇಜ್ ಬಂದಾಗ ಯಾರಿಗೂ ಅದು ಹೊಳೆಯುವುದಿಲ್ಲ. ಇನ್ನೂ ಹಲವರಿಗೆ ಅದೇ ಮೆಸೇಜ್ ಹೋಗಿತ್ತು. ಜಿಮೇಲಿನಲ್ಲೂ ಗುರುತಿಲ್ಲದ ಲಾಗಿನ್ ಕಾಣಿಸಿತು.

ಅವನು ಲ್ಯಾಪ್‌ಟಾಪ್ ಹಿಡಿದುಕೊಂಡು ಧಾರವಾಡಕ್ಕೆ, ನಮ್ಮ ಮನೆಗೆ ಬಂದ. ವಿಂಡೋಸ್ ಸೆಕ್ಯುರಿಟಿಯ ಎಕ್ಸ್‌ಕ್ಲೂಶನ್ ಪಟ್ಟಿಯಲ್ಲಿ, ಅಂದರೆ ವೈರಸ್ ಕಾವಲು ನೋಡದೆ ಬಿಡುವ ಪಟ್ಟಿಯಲ್ಲಿ, ಸ್ಟೀಮ್ ಫೋಲ್ಡರ್ ಇತ್ತು. ಅದನ್ನು ಅವನು ಹಾಕಿರಲಿಲ್ಲ. ಇನ್‌ಸ್ಟಾಗ್ರಾಮ್ ಹೋದದ್ದು ಅದೇ ಸಾಲಿನಿಂದ ಅಂತ ಸಾಬೀತು ಮಾಡುವುದು ನನ್ನ ಕೈಲಿಲ್ಲ. ಆದರೆ ಅಡ್ಮಿನ್ ಅಧಿಕಾರ ಸಿಕ್ಕ ಸ್ಕ್ರಿಪ್ಟಿಗೆ ಬ್ರೌಸರಿನಲ್ಲಿ ಉಳಿದಿರುವ ಲಾಗಿನ್ ಕುಕಿಗಳನ್ನು (ನೀವು ಆಗಲೇ ಲಾಗಿನ್ ಆಗಿದ್ದೀರಿ ಅಂತ ಸೈಟಿಗೆ ತೋರಿಸುವ ಗುರುತು) ಕದಿಯುವುದು ಕಷ್ಟವೇ ಅಲ್ಲ. ಕುಕಿ ಸಿಕ್ಕರೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. 350 ರೂಪಾಯಿ ಕಳೆದುಕೊಂಡದ್ದಕ್ಕಿಂತ ಈ ಭಾಗಕ್ಕೇ ನಾನು ಹೆಚ್ಚು ಹೆದರುವುದು.

ಅಸಲಿ ಸ್ಟೀಮ್ ಕೀ ಹಾಕಲು ಸ್ಟೀಮಿನೊಳಗೇ ಜಾಗ ಇದೆ. ಗೇಮ್ಸ್ ಮೆನುವಿನಲ್ಲಿ ‘ಆ್ಯಕ್ಟಿವೇಟ್ ಎ ಪ್ರಾಡಕ್ಟ್’ ಒತ್ತಿ, ಕೀ ಹಾಕಿ, ಮುಗೀತು. ಪವರ್‌ಶೆಲ್, ಸಿಎಂಡಿ, ಆಂಟಿವೈರಸ್ ಆಫ್ ಮಾಡುವುದು, ಇವು ಯಾವುದೂ ಬೇಕಾಗುವುದಿಲ್ಲ. ಯಾರಾದರೂ ಕೇಳಿದರೆ ಅದು ಕಳ್ಳ ಮಾಲು ಅಂತಲೇ ತಿಳಿಯಿರಿ. ಈಗಾಗಲೇ ಕೊಂಡಿದ್ದರೆ ಫೋನಿನ ಸ್ಟೀಮ್ ಆ್ಯಪಿನಲ್ಲಿ ನಿಮ್ಮದೇ ಅಕೌಂಟಿಗೆ ಹೋಗಿ ನೋಡಿ. ಅಕೌಂಟ್ ವಿವರದ ಲೈಸನ್ಸ್ ಪಟ್ಟಿಯಲ್ಲಿ ಗೇಮಿನ ಹೆಸರು ಇಲ್ಲದಿದ್ದರೆ ಅದು ನಿಮ್ಮದಲ್ಲ. ಕೀ ಮಾರುವುದು ದೊಡ್ಡ ಶಾಪಿಂಗ್ ಸೈಟಿನಲ್ಲೇ ಇರಲಿ, ಪರಿಚಯದ ಅಂಗಡಿಯಲ್ಲೇ ಇರಲಿ, ಈ ಪರೀಕ್ಷೆ ಎಲ್ಲ ಕಡೆಗೂ ಒಂದೇ.

ಕಡಿಮೆ ದುಡ್ಡಿನಲ್ಲಿ ಆಡಬೇಕು ಅನ್ನುವ ಆಸೆ ತಪ್ಪಲ್ಲ. ನಾವೆಲ್ಲ ಹಾಗೇ ಆಡುತ್ತ ಬಂದವರು. ಅದಕ್ಕೆ ನೆಟ್ಟಗಿನ ದಾರಿಗಳೂ ಬೇಕಾದಷ್ಟಿವೆ. ಸ್ಟೀಮಿನಲ್ಲಿ ಬೆಲೆ ರೂಪಾಯಿಯಲ್ಲೇ ಇದೆ, ಯುಪಿಐ ನಡೆಯುತ್ತದೆ, ವರ್ಷಕ್ಕೆ ಹಲವು ಸಲ ದೊಡ್ಡ ಸೇಲ್ ಬರುತ್ತದೆ. ಬೇಕಾದ ಗೇಮನ್ನು ವಿಶ್‌ಲಿಸ್ಟಿಗೆ ಹಾಕಿಟ್ಟರೆ ಬೆಲೆ ಇಳಿದಾಗ ಮೇಲ್ ಬರುತ್ತದೆ. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನಿಮ್ಮ ಲ್ಯಾಪ್‌ಟಾಪ್ ಆ ಗೇಮನ್ನು ಎಳೆಯುತ್ತದೋ ಇಲ್ಲವೋ ನೋಡಲು ಅಷ್ಟು ಹೊತ್ತು ಸಾಕು. ಎಪಿಕ್ ಸ್ಟೋರಿನಲ್ಲಿ ಪುಕ್ಕಟೆ ಗೇಮ್‌ಗಳು ಬರುತ್ತಿರುತ್ತವೆ, 2020ರ ಮೇ ತಿಂಗಳಲ್ಲಿ ಸಿವಿಲೈಸೇಶನ್ 6 ಕೂಡ ಹಾಗೇ ಕೊಟ್ಟಿದ್ದರು. ಸ್ಟಾರ್‌ಕ್ರಾಫ್ಟ್ 2ರ ಮೊದಲ ಕ್ಯಾಂಪೇನು 2017ರಿಂದಲೂ ಪುಕ್ಕಟೆ. 0 ಎ.ಡಿ. ಅನ್ನುವ ಪುಕ್ಕಟೆ ಗೇಮ್ ಏಜ್ ಆಫ್ ಎಂಪೈರ್ಸ್ ತರಹದ್ದೇ, ಅದರಲ್ಲಿ ಮೌರ್ಯರೂ ಇದ್ದಾರೆ. ಹಳೇ ಲ್ಯಾಪ್‌ಟಾಪ್ ಇದ್ದವರು ಬ್ಯಾಟಲ್ ಫಾರ್ ವೆಸ್ನಾತ್ ನೋಡಿ. ಸರದಿ ಪ್ರಕಾರ ಆಡುವ ಆಟ, ನೋಡಲು ಸಾದಾ ಇದ್ದರೂ ತಲೆಗೆ ಒಳ್ಳೆ ಕೆಲಸ ಕೊಡುತ್ತದೆ.

ಸಾಲು ಓಡಿಸಿ ಆಗಿದೆ ಅನ್ನುವವರು ಮೊದಲು ಲ್ಯಾಪ್‌ಟಾಪಿನ ಇಂಟರ್ನೆಟ್ ಬಂದ್ ಮಾಡಿ. ಪಾಸ್‌ವರ್ಡುಗಳನ್ನು ಅದೇ ಲ್ಯಾಪ್‌ಟಾಪಿನಲ್ಲಿ ಬದಲಿಸಬೇಡಿ, ಫೋನಿನಿಂದ ಬದಲಿಸಿ. ಜಿಮೇಲ್, ಇನ್‌ಸ್ಟಾಗ್ರಾಮ್, ಸ್ಟೀಮ್ ಮೂರರಲ್ಲೂ "ಎಲ್ಲ ಡಿವೈಸಿನಿಂದ ಲಾಗ್ ಔಟ್" ಒತ್ತಲೇಬೇಕು. ಕದ್ದ ಕುಕಿ ಅದರಿಂದಲೇ ಸಾಯುತ್ತದೆ, ಬರೀ ಪಾಸ್‌ವರ್ಡ್ ಬದಲಿಸಿ ಸುಮ್ಮನಾಗಬೇಡಿ. ಆಮೇಲೆ ಫೋಟೊ, ಕಾಲೇಜಿನ ಫೈಲುಗಳನ್ನು ತೆಗೆದಿಟ್ಟು ವಿಂಡೋಸನ್ನು ಹೊಸದಾಗಿ ಹಾಕಿ. ನಾವು ಹಾಗೇ ಮಾಡಿದೆವು. ಸ್ಟೀಮ್ ತೆಗೆದು ಮತ್ತೆ ಹಾಕಿದರೆ ಸಾಕು ಅಂತ ಕೆಲವರು ಹೇಳುತ್ತಾರೆ, ಆ ಸ್ಕ್ರಿಪ್ಟ್ ಇನ್ನೆಲ್ಲಿ ಏನು ಇಟ್ಟಿದೆಯೋ ಗೊತ್ತಿಲ್ಲದಾಗ ನನಗೆ ಅದರಲ್ಲಿ ನಂಬಿಕೆ ಇಲ್ಲ.

ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಯುಪಿಐ ವ್ಯವಹಾರದ ಸಂಖ್ಯೆ, ಚಾಟಿನ ಸ್ಕ್ರೀನ್‌ಶಾಟ್ ಕೈಲಿರಲಿ. ಬೇಗ ಹೇಳಿದಷ್ಟೂ ದುಡ್ಡು ಮುಂದಿನ ಖಾತೆಗೆ ದಾಟುವ ಮುಂಚೆ ತಡೆಯುವ ಸಾಧ್ಯತೆ ಜಾಸ್ತಿ. ಅಕ್ಕನ ದೂರು ದಾಖಲಾಗಿದೆ, ದುಡ್ಡು ಇನ್ನೂ ಬಂದಿಲ್ಲ.

ಪಿಜಿಯಲ್ಲಿ, ಹಾಸ್ಟೆಲಿನಲ್ಲಿ ಒಂದೇ ಲ್ಯಾಪ್‌ಟಾಪನ್ನು ನಾಲ್ಕು ಜನ ಬಳಸುವುದು ಇದ್ದದ್ದೇ. ಯಾರು ಏನು ಓಡಿಸಿದ್ದಾರೋ ಗೊತ್ತಾಗದಿದ್ದರೆ ಪವರ್‌ಶೆಲ್ ತೆರೆದು ಮೇಲಿನ ಬಾಣದ ಕೀ ಒತ್ತುತ್ತ ಹೋಗಿ. ಹಿಂದೆ ಹೊಡೆದ ಸಾಲುಗಳು ಒಂದೊಂದಾಗಿ ಬರುತ್ತವೆ. ಎಂಟರ್ ಮಾತ್ರ ಒತ್ತಬೇಡಿ, ಅದೇ ಸಾಲು ಮತ್ತೆ ಓಡುತ್ತದೆ. ಯಾವುದೋ ವೆಬ್‌ಸೈಟಿನ ಹೆಸರಿದ್ದು, ಕೊನೆಗೆ ‘ಐಇಎಕ್ಸ್’ (iex) ಅಂತ ಮೂರು ಇಂಗ್ಲಿಷ್ ಅಕ್ಷರ ಇರುವ ಸಾಲು ಕಂಡರೆ ಅದರ ಫೋಟೊ ಹೊಡೆದುಕೊಳ್ಳಿ, ದೂರಿಗೆ ಬೇಕಾಗುತ್ತದೆ.