ಐನ್ಯಾಚುರಲಿಸ್ಟ್: ಹೆಸರು ಕೇಳಲು ಹೋದವರು ಅಲ್ಲೇ ಉಳಿದುಕೊಳ್ಳುವ ಆ್ಯಪ್

ಗಿಡ, ಹುಳ, ಹಕ್ಕಿ ಏನೇ ಇರಲಿ, ಫೋಟೊ ಹಾಕಿದರೆ ಹೆಸರು ಹೇಳುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ನಾನೂ ಕೆಲವನ್ನು ಹಾಕಿಕೊಂಡು ನೋಡಿದ್ದೇನೆ. ಕೊನೆಗೆ ಫೋನಿನಲ್ಲಿ ಉಳಿದದ್ದು ಐನ್ಯಾಚುರಲಿಸ್ಟ್ ಒಂದೇ. ಅದಕ್ಕೆ ಕಾರಣ ಅಲ್ಲಿರುವ ಜನ. ಅದಕ್ಕೇ ಈ ವಿಮರ್ಶೆಯಲ್ಲಿ ಆ್ಯಪಿನ ಬಟನ್ನುಗಳಿಗಿಂತ ಜಾಸ್ತಿ ಆ ಜನರ ಬಗ್ಗೆಯೇ ಬರೆಯುತ್ತಿದ್ದೇನೆ.

ಮೊದಲು ಗೊತ್ತಿರಬೇಕಾದಷ್ಟು ಹೇಳಿಬಿಡುತ್ತೇನೆ. ಇದು 2008ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಸ್ನಾತಕೋತ್ತರ ಓದಿನ ಕೊನೆಗೆ ಮಾಡಿದ ಪ್ರಾಜೆಕ್ಟ್. 2023ರಿಂದ ಸ್ವತಂತ್ರ ಲಾಭರಹಿತ ಸಂಸ್ಥೆಯಾಗಿದೆ. ದುಡ್ಡು ಕೇಳುವುದಿಲ್ಲ, ಜಾಹೀರಾತಿಲ್ಲ. ನೀವು ನೋಡಿದ್ದನ್ನು ಫೋಟೊ, ದಿನಾಂಕ, ಜಾಗದ ಜೊತೆ ಹಾಕುತ್ತೀರಿ. ಇದು ಇರಬಹುದು ಅಂತ ಕಂಪ್ಯೂಟರ್ ಒಂದಷ್ಟು ಹೆಸರು ತೋರಿಸುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ. ಆಮೇಲೆ ಮನುಷ್ಯರು ಬಂದು ನೋಡುತ್ತಾರೆ. ಕನಿಷ್ಠ ಇಬ್ಬರು ಹೆಸರು ಹೇಳಿರಬೇಕು, ಹೇಳಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಂದೇ ಜಾತಿ ಅನ್ನಬೇಕು, ಆಗ ಅದು 'ರಿಸರ್ಚ್ ಗ್ರೇಡ್', ಅಂದರೆ ಸಂಶೋಧನೆಗೆ ಬಳಸಬಹುದಾದ ದಾಖಲೆ ಆಗುತ್ತದೆ. ಬೇರೆಯವರು ಬಳಸಬಹುದು ಅಂತ ನೀವು ಲೈಸೆನ್ಸ್ ಕೊಟ್ಟಿದ್ದರೆ ಅಲ್ಲಿಂದ ಜಿಬಿಐಎಫ್ ಅನ್ನುವ, ಜೀವಿಗಳ ದಾಖಲೆಗಳ ಜಾಗತಿಕ ಭಂಡಾರಕ್ಕೆ ಹೋಗುತ್ತದೆ. ವಿಜ್ಞಾನಿಗಳು ಅದನ್ನು ತೆಗೆದು ಬಳಸುತ್ತಾರೆ. ಅಂದರೆ ನಿಮ್ಮ ಹಿತ್ತಲಿನ ಚಿಟ್ಟೆಗೆ ಯಾರೋ ಅಪರಿಚಿತರು ಪುರುಸೊತ್ತು ಮಾಡಿಕೊಂಡು, ಒಂದು ಪೈಸೆ ಇಲ್ಲದೆ, ಹೆಸರು ಹೇಳಲೇಬೇಕು. ಅವರು ಬರದಿದ್ದರೆ ಇಡೀ ವ್ಯವಸ್ಥೆ ನಿಂತುಹೋಗುತ್ತದೆ.

ಅವರು ಹೇಗೆ ಹೇಳುತ್ತಾರೆ ಅನ್ನುವುದೇ ಇಲ್ಲಿನ ವಿಷಯ. ಹೊಸಬರೊಬ್ಬರು ಒಂದು ಕೆಂಪಿರುವೆಯ ಫೋಟೊ ಹಾಕಿದ್ದರು. ಎಲೆ ಹೆಣೆದು ಗೂಡು ಕಟ್ಟುತ್ತದಲ್ಲ, ಮಲೆನಾಡಿನಲ್ಲಿ ಚಟ್ನಿ ಮಾಡುವ ಚಗಳಿ, ಅದು ಅಂತ. ನಿಜಕ್ಕೂ ಅದು ಚಗಳಿಯ ವೇಷ ಹಾಕಿದ ಜೇಡ. ಜೇಡಗಳ ಬಗ್ಗೆ ಚೆನ್ನಾಗಿ ಬಲ್ಲ ಒಬ್ಬರು ಬಂದರು. ತಪ್ಪು ಅಂತ ಒಂದು ಲ್ಯಾಟಿನ್ ಹೆಸರು ಬಿಸಾಡಿ ಹೋಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ತುಂಬ ಒಳ್ಳೆಯ ಫೋಟೊ, ಇದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ, ಕಾಲು ಎಣಿಸಿ ನೋಡಿ, ಎಂಟಿವೆ, ಮುಂದಿನ ಎರಡನ್ನು ಮೀಸೆ ಥರ ಎತ್ತಿ ಹಿಡಿದಿದೆ, ಮುಖದ ಮುಂದೆ ಸಾಲಾಗಿ ಕಣ್ಣುಗಳಿವೆ ಅಂತ ಬರೆದರು. ಗಂಡಾದರೆ ದವಡೆ ಎಷ್ಟು ಉದ್ದ ಅಂದರೆ, ಇರುವೆಯೊಂದು ಇನ್ನೊಂದು ಇರುವೆಯನ್ನು ಕಚ್ಚಿಕೊಂಡು ಹೋಗುತ್ತಿರುವ ಹಾಗೆ ಕಾಣುತ್ತದೆ ಅಂತಲೂ ಸೇರಿಸಿದರು. ಆ ಹೊಸಬರು ಆಮೇಲೆ ಜೇಡಗಳ ಹಿಂದೆಯೇ ಬಿದ್ದರು. ಈಗ ಬೇರೆಯವರು ಹಾಕಿದ ಜೇಡಗಳಿಗೆ ಅವರೇ ಹೆಸರು ಹೇಳುತ್ತಾರೆ. ಬರೆಯುವ ರೀತಿಯೂ ಅದೇ: ಮೊದಲು ಫೋಟೊದಲ್ಲಿ ಏನು ಚೆನ್ನಾಗಿದೆ ಅಂತ, ಆಮೇಲೆ ಎಲ್ಲಿ ನೋಡಬೇಕು ಅಂತ.

ಹಳ್ಳಿಗಳಲ್ಲಿ ಮುಯ್ಯಾಳು ಅಂತ ಇತ್ತಲ್ಲ, ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು ಬರುತ್ತೇವೆ, ನಾಳೆ ನಮ್ಮ ಗದ್ದೆಗೆ ನೀವು ಬನ್ನಿ ಅಂತ, ಇಲ್ಲಿ ನಡೆಯುವುದು ಹೆಚ್ಚುಕಮ್ಮಿ ಅದೇ. ಒಂದು ವ್ಯತ್ಯಾಸ ಇದೆ. ಇಲ್ಲಿ ಕೊಟ್ಟವರಿಗೇ ತಿರುಗಿ ಕೊಡಬೇಕಂತಿಲ್ಲ. ನನಗೆ ಪತಂಗದ ಹೆಸರು ಹೇಳಿದವರಿಗೆ ನಾನು ಹೇಳಿಕೊಡುವಂಥದ್ದು ಏನೂ ಇಲ್ಲ. ನನಗೆ ಗೊತ್ತಿರುವುದು ಬೇಲಿ ಸಾಲಿನ ಗಿಡಗಳು. ಅದನ್ನು ಇನ್ಯಾರಿಗೋ ಹೇಳುತ್ತೇನೆ. ಲೆಕ್ಕ ಇಡಲು ಅಂಕ, ಪದಕ ಅಂಥದ್ದೇನೂ ಇಲ್ಲ. ಯಾವ ಜಾತಿಗೆ ಯಾರು ಜಾಸ್ತಿ ಹೆಸರು ಹೇಳಿದ್ದಾರೆ ಅಂತ ಒಂದು ಪಟ್ಟಿ ಕಾಣುತ್ತದೆ, ಅಷ್ಟೇ. ಆದರೂ ಕೆಲವರ ಹೆಸರು ಕಂಡರೆ ಸಾಕು, ಇವರು ಹೇಳಿದ್ದಾರೆ ಅಂದಮೇಲೆ ಒಮ್ಮೆ ಮತ್ತೆ ನೋಡಬೇಕು ಅನ್ನಿಸುತ್ತದೆ. ಅದನ್ನು ಅವರು ಗಳಿಸಿದ್ದು ಜಾಣತನದಿಂದ ಮಾತ್ರ ಅಲ್ಲ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅಂದಿದ್ದಾರೆ, ಯಾಕೆ ಅಂತ ಕೇಳಿದವರಿಗೆಲ್ಲ ಉತ್ತರ ಕೊಟ್ಟಿದ್ದಾರೆ.

ಈ ನಂಬಿಕೆ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಸೌಲಭ್ಯ ಇದೆ. ಅಳಿವಿನಂಚಿನ ಜೀವಿಗಳ ಜಾಗವನ್ನು ಇಲ್ಲಿ ಮಬ್ಬು ಮಾಡಿ ತೋರಿಸುತ್ತಾರೆ. ನಕ್ಷೆಯಲ್ಲಿ ಸುಮಾರು 20 ಕಿಲೋಮೀಟರ್ ಅಗಲದ ಚೌಕ ಮಾತ್ರ ಕಾಣುತ್ತದೆ, ಒಳಗೆ ನಿಜವಾದ ಜಾಗ ಎಲ್ಲಿ ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ನಕ್ಷತ್ರ ಆಮೆಯಂಥ ಪ್ರಾಣಿಗಳನ್ನು ಕದ್ದು ಸಾಗಿಸುವವರು ಇರುವಾಗ ಇದು ಬೇಕೇ ಬೇಕು. ಬೇರೆ ದಾಖಲೆಗಳ ಜಾಗವನ್ನೂ ನೀವೇ ಹೀಗೆ ಮಬ್ಬು ಮಾಡಬಹುದು. ಆದರೆ ನಿಮಗೆ ಭರವಸೆ ಇರುವ ಒಬ್ಬರನ್ನು ಆರಿಸಿ, ಇವರಿಗೆ ಮಾತ್ರ ನಿಖರವಾದ ಜಾಗ ಕಾಣಲಿ ಅಂತ ಅನುಮತಿ ಕೊಡಬಹುದು. ಮುಖವನ್ನೇ ನೋಡದ ಒಬ್ಬ ಸಂಶೋಧಕರಿಗೆ ನಮ್ಮ ಕಾಡಿನ ಒಂದು ಸೀತಾಳೆ ಆರ್ಕಿಡ್ ಬೆಳೆದ ಮರ ಎಲ್ಲಿದೆ ಅಂತ ತೋರಿಸುವುದು ಸಣ್ಣ ವಿಷಯ ಅಲ್ಲ. ಅವರು ವರ್ಷಗಟ್ಟಲೆ ಎಲ್ಲರ ಜೊತೆ ಹೇಗೆ ಮಾತಾಡಿದ್ದಾರೆ ಅನ್ನುವುದು ಹಳೆಯ ಕಾಮೆಂಟುಗಳಲ್ಲಿ ಕಾಣುತ್ತದೆ. ಅದನ್ನು ನೋಡಿಯೇ ಜನ ಈ ಅನುಮತಿ ಕೊಡುತ್ತಾರೆ.

ಕೊರತೆಗಳಿವೆ. ಹುಲ್ಲು, ಅಣಬೆ, ಸಣ್ಣ ನೊಣಗಳಿಗೆ ಹೆಸರು ಹೇಳುವವರು ಕಡಿಮೆ, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಕೆಲವಂತೂ ಫೋಟೊದಿಂದ ಗುರುತಿಸಲು ಬರುವುದೇ ಇಲ್ಲ. ಕಂಪ್ಯೂಟರ್ ಸಲಹೆಯನ್ನು ಕಣ್ಣು ಮುಚ್ಚಿ ಒಪ್ಪಿದರೆ ನಮ್ಮ ಊರಿನ ಹುಳಕ್ಕೆ ಇನ್ಯಾವುದೋ ದೇಶದ ಹೆಸರು ಅಂಟಿಕೊಳ್ಳುತ್ತದೆ. ಇದಕ್ಕಿಂತ ಬೇಜಾರು ಅನ್ನಿಸುವುದು ಗೆಳೆಯರ ಫೋಟೊ ಅಂತ ಸುಮ್ನೆ 'ಒಪ್ಪಿದೆ' ಒತ್ತಿಬಿಡುವುದು. ಉಪಕಾರ ಅಂದುಕೊಂಡೇ ಮಾಡುತ್ತಾರೆ, ಆದರೆ ತಪ್ಪು ಹೆಸರೊಂದು ಪಕ್ಕಾ ಆಗಿ ಕೂತುಬಿಡುತ್ತದೆ. ಅದನ್ನು ಸರಿ ಮಾಡಲು ಇನ್ನೂ ಹಲವರು ಬರಬೇಕು.

2025ರ ಜೂನ್‌ನಲ್ಲಿ ಒಂದು ದೊಡ್ಡ ಗಲಾಟೆಯೂ ಆಯಿತು. ಗೂಗಲ್‌ನ ದತ್ತಿ ವಿಭಾಗದಿಂದ ಜನರೇಟಿವ್ ಎಐಗಾಗಿ (ಬರಹ, ಚಿತ್ರಗಳನ್ನು ತಾನೇ ಹುಟ್ಟಿಸುವ ಕೃತಕ ಬುದ್ಧಿಮತ್ತೆ) 15 ಲಕ್ಷ ಡಾಲರ್ ಅನುದಾನ ಬಂದಿದೆ ಅಂತ ಸಂಸ್ಥೆ ಪ್ರಕಟಿಸಿತು. ವರ್ಷಗಟ್ಟಲೆ ಬಿಟ್ಟಿಯಾಗಿ ಹೆಸರು ಹೇಳಿದವರಲ್ಲಿ ತುಂಬ ಜನರಿಗೆ ಇದು ನೋವಾಯಿತು. ನಮ್ಮನ್ನು ಒಂದು ಮಾತೂ ಕೇಳಲಿಲ್ಲ ಅಂದರು. ಕೆಲವರು ಖಾತೆಯನ್ನೇ ಅಳಿಸಿದರು. ಹಾಗೆ ಅಳಿಸಿದರೆ ಅವರು ಬೇರೆಯವರ ಫೋಟೊಗಳಿಗೆ ಕೊಟ್ಟ ಹೆಸರುಗಳೂ ಅದರ ಜೊತೆ ಹೋಗುತ್ತವೆ, ಪಕ್ಕಾ ಆಗಿದ್ದ ದಾಖಲೆಗಳು ಮತ್ತೆ ಅರೆಬರೆ ಆಗುತ್ತವೆ. ಸಂಸ್ಥೆಯವರು ಆಮೇಲೆ ವಿವರಣೆ ಕೊಟ್ಟರು. ನನ್ನ ಅಭಿಪ್ರಾಯ ಕೇಳಿದರೆ, ಸಿಟ್ಟು ಬಂದವರ ಕಡೆಯೇ ನ್ಯಾಯ ಜಾಸ್ತಿ ಇತ್ತು. ಇಂಥ ಜಾಗದ ನಿಜವಾದ ಆಸ್ತಿ ಆ ಜನರ ಒಳ್ಳೆಯ ಮನಸ್ಸೇ ಅಲ್ವಾ? ಅವರನ್ನು ಮೊದಲು ಕೇಳಬೇಕಿತ್ತು.

ಆದರೂ ಹಾಕಿಕೊಳ್ಳಿ ಅಂತಲೇ ಹೇಳುತ್ತೇನೆ. ಐದಕ್ಕೆ ನಾಲ್ಕೂವರೆ ಸ್ಟಾರ್. ಹೂವಿನ ಜೊತೆ ಎಲೆಯ ಹಿಂಬದಿ, ಕಾಂಡ, ಇಡೀ ಗಿಡ ಬರುವ ಹಾಗೆ ಮೂರು ನಾಲ್ಕು ಫೋಟೊ ಹಾಕಿ, ನೋಡುವವರ ಅರ್ಧ ಕೆಲಸ ಕಡಿಮೆಯಾಗುತ್ತದೆ. ಕುಂಡದ ಗಿಡವಾದರೆ ನೆಟ್ಟಿದ್ದು ಅಂತ ಗುರುತು ಹಾಕಿ. ನೀವು ಕೊಟ್ಟ ಹೆಸರು ಬಿಟ್ಟು ಯಾರಾದರೂ ಬೇರೆ ಹೆಸರು ಹೇಳಿದರೆ ಹೇಗೆ ಗೊತ್ತಾಯಿತು ಅಂತ ಕೇಳಿ, ಬಹಳಷ್ಟು ಜನ ಖುಷಿಯಿಂದ ಹೇಳುತ್ತಾರೆ. ಒಂದಷ್ಟು ದಿನ ಆದಮೇಲೆ ವೆಬ್‌ಸೈಟಿನ ಗುರುತಿಸುವ ಪುಟಕ್ಕೆ ಹೋಗಿ, ಜಾಗಕ್ಕೆ ಕರ್ನಾಟಕ ಅಂತ ಕೊಡಿ. ತುಂಬೆ, ಎಕ್ಕ, ಮುಟ್ಟಿದರೆ ಮುನಿ ನಿಮಗೆ ಗೊತ್ತಿರುತ್ತದೆ, ಅಷ್ಟೇ ಸಾಕು ಶುರು ಮಾಡಲು. ಕನ್ನಡದ ಹೆಸರು ಇಲ್ಲದ ಜಾತಿಗೆ ನಿಮ್ಮ ಊರಿನ ಹೆಸರನ್ನು ನೀವೇ ಸೇರಿಸಬಹುದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದೇ ಸಂಸ್ಥೆಯ ಸೀಕ್ ಅನ್ನುವ ಆ್ಯಪ್ ಕೊಡಿ, ಅದಕ್ಕೆ ಖಾತೆ ಬೇಕಿಲ್ಲ.